ಹೋಲ್ಡಾನ್ ಚಿಕ್ಕಮ್ಮನ ಆನೆ ಸವಾರಿ

ನಮ್ಮ ಚಿಕ್ಕಮ್ಮ ಬಸ್ ಕಂಡಕ್ಟರ್ ಆಗಿದ್ದಳು. ಡಿಪೋದಲ್ಲಿ ಅವಳನ್ನು ಕರೆಯುತ್ತಿದ್ದದ್ದು 'ಹೋಲ್ಡಾನ್' ಎಂದು. ಬಸ್ಸು ತುಂಬಿತು ಎಂದು ಅವಳಿಗೆ ಅನ್ನಿಸಿದ ಮೇಲೆ ಬಾಗಿಲಿಗೆ ಅಡ್ಡ ಚಾಚಿದ ಎಡಗೈಯನ್ನು ಇಳಿಸುವ ಗಂಡು ಹುಟ್ಟಿರಲಿಲ್ಲ. ಒಮ್ಮೆ ಡಿಪೋ ಮ್ಯಾನೇಜರನ ಮೈದುನನನ್ನೇ ರಸ್ತೆಯಲ್ಲಿ ಬಿಟ್ಟು ಬಂದು ಮೆಮೊ ತಿಂದಳು. ಆ ಮೆಮೊವನ್ನು ಟಿಫಿನ್ ಡಬ್ಬಿಯ ಕೆಳಗೆ ಹಾಸಿಕೊಂಡು ಊಟವನ್ನೂ ತಿಂದಳು.

ಸರ್ವಿಸಿನುದ್ದಕ್ಕೂ ನಿಂತೇ ಊರು ಸುತ್ತಿದವಳಿಗೆ ಇದ್ದದ್ದು ಒಂದೇ ಆಸೆ. "ಒಂದ್ಸಲ ಆನೆ ಮೇಲೆ ಕೂತು ಹೋಗ್ಬೇಕು ಕಣೋ. ಟಿಕೆಟ್ ಟಿಕೆಟ್ ಅಂತ ಬೇರೆ ಯಾರಾದ್ರೂ ಅರಚಿಕೊಳ್ಲಿ."

ಅವಳು ನಿವೃತ್ತಳಾದಾಗ ಅವಳ ಅಣ್ಣ, ಎಂದರೆ ನನ್ನ ಸೋದರಮಾವ, ನಮ್ಮಿಬ್ಬರನ್ನೂ ಕರೆದುಕೊಂಡು ಹೊರದೇಶದ ಟೂರಿಗೆ ಹೊರಟ. ಮಾವನದು ಸೋಫಾ ಅಂಗಡಿ. ಊರನ್ನೆಲ್ಲ ಕೂರಿಸಿದವನಿಗೆ ಬೆನ್ನಿಗೆ ಬಿದ್ದ ತಂಗಿಯನ್ನು ಆನೆಯ ಬೆನ್ನ ಮೇಲೆ ಕೂರಿಸುವುದು ಯಾವ ಮಹಾ ಲೆಕ್ಕ?

ಟೂರಿನ ಪಟ್ಟಿಯಲ್ಲಿದ್ದ ಆನೆ ಹಬ್ಬ ಎಂದರೆ ಆನೆಗೆ ಹಬ್ಬ ಎಂದುಕೊಂಡಿದ್ದೆವು. ಕೋಳಿ ಊಟ ಎಂದರೆ ಕೋಳಿಗೆ ಊಟ ಎಂದುಕೊಂಡ ಹಾಗೆ. ದೊಡ್ಡ ಮೈದಾನ, ನೆತ್ತಿ ಸುಡುವ ಬಿಸಿಲು, ಕಿವಿಗೆ ಬಡಿಯುವ ಮೈಕು. ಆನೆ ಹತ್ತಲು ಮರದ ಅಟ್ಟಣೆ ಕಟ್ಟಿದ್ದರು. ಅದರ ಮೆಟ್ಟಿಲ ತುಂಬ ಜನ. ಚಿಕ್ಕಮ್ಮ ಹೊಸ ಸೀರೆಯ ನೆರಿಗೆ ಎತ್ತಿ ಹಿಡಿದು ಎಲ್ಲರಿಗಿಂತ ಮುಂದೆ ನಿಂತಿದ್ದಳು. ಅವಳ ಹಿಂದೆ ಮಾವ, ಮಾವನ ಹಿಂದೆ ನಾನು.

ಆನೆ ಬಂದು ಅಟ್ಟಣೆಗೆ ಒತ್ತಿ ನಿಂತಿತು. ಹಳೇ ಸವಾರಿಯವರು ಇಳಿಯುವಾಗ ಬೆನ್ನಿಗೆ ಬಿಗಿದ ಕುರ್ಚಿ ವಾಲಿತು. ಜರಿ ಹೊದಿಕೆ ಸರಿಯಿತು. ಹಗ್ಗ ಉಜ್ಜಿ ಉಜ್ಜಿ ಆನೆಯ ಪಕ್ಕೆಯಲ್ಲಿ ಅಂಗೈಯಗಲ ಚರ್ಮ ಕಿತ್ತು ಹೋಗಿತ್ತು. ಹಸಿ ಗಾಯ, ಅದರ ಮೇಲೆ ನೊಣ. ಮಾವುತ ಗಬಕ್ಕನೆ ಹೊದಿಕೆ ಎಳೆದು ಮುಚ್ಚಿ, ಚಿಕ್ಕಮ್ಮನನ್ನು ನೋಡಿ ಹಲ್ಲು ಬಿಟ್ಟು, ಬಾ ಬಾ ಎಂದು ಕೈ ಮಾಡಿದ.

"ಹೋಲ್ಡಾನ್," ಅಂದಳು ಚಿಕ್ಕಮ್ಮ. ಎಡಗೈ ತಾನಾಗಿ ಅಡ್ಡ ಬಂತು.

ಟೂರಿನ ಗೈಡು ಮೆಟ್ಟಿಲು ಹತ್ತಿ ಓಡಿ ಬಂದ. "ಮೇಡಂ, ಅದಕ್ಕೇನೂ ಆಗಲ್ಲ. ಅಭ್ಯಾಸ ಆಗಿದೆ."

"ಅಭ್ಯಾಸ ನನಗೂ ಆಗಿತ್ತು. ನನ್ನ ಮೊಣಕಾಲು ಕೇಳಪ್ಪ, ಹೇಳುತ್ತೆ. ಮೊದ್ಲು ಆ ಕುರ್ಚಿ ಬಿಚ್ಚಿಸು."

"ಹಬ್ಬ ಮುಗಿಯೋವರೆಗೂ ಬಿಚ್ಚಲ್ಲ ಮೇಡಂ."

"ಹಾಗಾದ್ರೆ ಯಾರೂ ಹತ್ತಲ್ಲ."

ಹಿಂದಿನವರು ಗೊಣಗಿದರು, ತಳ್ಳಿದರು, ಯಾವುದೋ ಭಾಷೆಯಲ್ಲಿ ಬೈದರು. ಬೈಗುಳಕ್ಕೆ ಭಾಷೆ ಬೇಕಿಲ್ಲ. ಚಿಕ್ಕಮ್ಮ ಕನ್ನಡದಲ್ಲೇ ಚಿಲ್ಲರೆ ವಾಪಸು ಕೊಟ್ಟಳು.

"ನೀನು ಹತ್ತದಿದ್ರೆ ಬಿಡೇ," ಅಂದ ಮಾವ. "ಕಂಡೋರನ್ನ ಯಾಕೆ ತಡೀತೀಯ? ಆನೆ ನಿಮ್ಮ ಡಿಪೋದಾ?"

"ಬಾಗಿಲಲ್ಲಿ ನಿಂತಿರೋಳು ನಾನಣ್ಣ."

ಮಾವ ಮುಖ ಊದಿಸಿಕೊಂಡು ಇಳಿದು ಹೋದ. ಅಷ್ಟರಲ್ಲಿ ಇಸ್ತ್ರಿ ಅಂಗಿಯ ಮೇಲ್ವಿಚಾರಕನೊಬ್ಬ ಕೆಳಗಿನಿಂದ ಏನೋ ಕೂಗಿದ. ಮಾವುತ ತಲೆ ತಗ್ಗಿಸಿ ಆನೆಯನ್ನು ತಿರುಗಿಸಿ ಮೈದಾನದ ಆಚೆ ಬದಿಯ ಇನ್ನೊಂದು ಅಟ್ಟಣೆಗೆ ನಡೆಸಿದ. ಚಿಕ್ಕಮ್ಮನ ಕೈ ಗಾಳಿಗೆ ಅಡ್ಡ ನಿಂತಿತು. ಆನೆಗೆ ಕಾಲು ನಾಲ್ಕು. ಅಲ್ಲಿದ್ದವರಲ್ಲಿ ಕರುಣೆ ಕಾಲು ಪಾಲೂ ಇರಲಿಲ್ಲ.

ಆನೆ ಮತ್ತೆ ನಮ್ಮ ಮುಂದೆ ಹಾದಾಗ ಮೇಲೆ ಮಾವ ಕೂತಿದ್ದ. ಅವನ ಚಪ್ಪಲಿ ಜರಿ ಹೊದಿಕೆಗೆ ಟಪ್ ಟಪ್ ಬಡಿಯುತ್ತಿತ್ತು, ಸರಿಯಾಗಿ ಆ ಜಾಗದ ಮೇಲೇ. ಮೊದಲು ನಮ್ಮತ್ತ ಕೈ ಬೀಸಿದ. ಆಮೇಲೆ ಬೀಸಲಿಲ್ಲ.

ಚಿಕ್ಕಮ್ಮ ಅಟ್ಟಣೆ ಇಳಿದು ಟೂರಿನ ಬಸ್ಸಿನತ್ತ ನಡೆದಳು. ಅವಳು ಬೈಯುತ್ತಿದ್ದರೆ ನನಗೆ ಅಷ್ಟು ಹೆದರಿಕೆ ಆಗುತ್ತಿರಲಿಲ್ಲ.

ಸಂಜೆ ಎಲ್ಲರೂ ಬಸ್ಸು ಹತ್ತಿದರು. ಕೊನೆಗೆ ಮಾವ ಬಂದ. ಎಡಗೈ ಅಡ್ಡ ಬಂತು.

"ಜಾಗ ಇಲ್ಲ."

"ಅರ್ಧ ಬಸ್ಸು ಖಾಲಿ ಇದೆಯಲ್ಲೇ."

"ನಿನಗಿಲ್ಲ. ಆನೆ ಮೇಲೆ ಬಾ."

ಗೈಡು ಕೈ ಮುಗಿದ. ಡ್ರೈವರ್ ಭಾಷೆ ಬಾರದಿದ್ದರೂ ವಿಷಯ ಅರ್ಥವಾದವನಂತೆ ಎಂಜಿನ್ ನಿಲ್ಲಿಸಿದ. ಮಾವ ಬಿಸಿಲಲ್ಲಿ ನಿಂತು ಬೆವರಿದ, ಟೋಪಿ ತೆಗೆದ, ನೆಲ ನೋಡಿದ.

"ಹೊದಿಕೆ ಒದ್ದೆ ಆಗಿತ್ತು ಕಣೇ," ಅಂದ. "ಕೈಗೆ ಅಂಟಿತು. ನೀರು ಅಂದ್ಕೊಂಡೆ. ನೀರಲ್ಲ."

"ಇಳೀಬೇಕಿತ್ತು."

"ಹೇಳ್ದೆ. ಅವನು ನಿಲ್ಲಿಸಲಿಲ್ಲ. ಮೇಲಿಂದ ಹೇಗೆ ಇಳೀಲಿ?"

"ಹತ್ತೋಕೆ ಮುಂಚೆ ಯೋಚನೆ ಮಾಡೋ ಮಾತದು."

ಮಾವ ಅಂಗೈಯನ್ನು ಅಂಗಿಗೆ ಒರೆಸಿಕೊಂಡ. ಚಿಕ್ಕಮ್ಮ ಅವನ ಅಂಗೈಯನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಕೈ ತೆಗೆದಳು.

"ಹತ್ತು. ಕೂತ್ಕೋಬೇಡ. ನಿಂತ್ಕೊಂಡು ಬಾ."

ಊರನ್ನೆಲ್ಲ ಕೂರಿಸಿದ ಮಾವ ಖಾಲಿ ಸೀಟುಗಳ ನಡುವೆ ಕಂಬಿ ಹಿಡಿದು ಹೋಟೆಲಿನವರೆಗೂ ನಿಂತೇ ಬಂದ. ಚಿಕ್ಕಮ್ಮ ಕಿಟಕಿಯ ಪಕ್ಕ ಕೂತಳು. ಬಸ್ಸು ತಿರುಗುವಾಗ ಅಟ್ಟಣೆಯ ಮೇಲೆ ಮತ್ತೆ ಸಾಲು ಇತ್ತು. ಮಾವುತ ಹಲ್ಲು ಬಿಟ್ಟು ಇನ್ಯಾರನ್ನೋ ಬಾ ಬಾ ಎಂದು ಕರೆಯುತ್ತಿದ್ದ. ಮೈದಾನ ಮರೆಯಾಗುವವರೆಗೂ ಅವಳು ಕತ್ತು ತಿರುಗಿಸಿ ನೋಡುತ್ತಲೇ ಇದ್ದಳು. ಮಡಿಲಲ್ಲಿದ್ದ ಎಡಗೈ ಮುಷ್ಟಿ ಬಿಗಿದಿತ್ತು.