ಐದಕ್ಕೆ ಐದು

ಪ್ರಶ್ನೆ ಕೇಳಿದ ತಕ್ಷಣ ಸಿಸ್ಟರ್ ತಮ್ಮ ಕೆಳದುಟಿಯನ್ನು ಹಲ್ಲಿನಲ್ಲಿ ಕಚ್ಚಿ ಹಿಡಿಯುತ್ತಿದ್ದರು. ಎದುರಿಗೆ ಕೂತ ಹಿರಿಯರು ಉತ್ತರ ಹೇಳುವವರೆಗೆ ಬಿಡುತ್ತಿರಲಿಲ್ಲ. ಮನೆಮನೆ ತಿರುಗಿ ಸಂಜೆಯಾಗುವ ಹೊತ್ತಿಗೆ ತುಟಿಯ ಮೇಲೆ ಎರಡು ಹಲ್ಲಿನ ಗುರುತು ಕೆಂಪಗೆ ಎದ್ದಿರುತ್ತಿತ್ತು. "ಬಾಯಿ ಬಿಟ್ಟೆ ಅಂದ್ರ ಉತ್ತರ ನಾನ ಹೇಳಿಬಿಡ್ತೀನಿ, ಅದಕ್ಕ" ಎನ್ನುತ್ತಿದ್ದರು.

ಅವರು ಲಿಂಗಸುಗೂರಿನಲ್ಲಿ ನರ್ಸ್ ಆಗಿ ನಿವೃತ್ತರಾದವರು. ಮರೆವಿನ ಕಾಯಿಲೆಯ ಸಂಶೋಧನೆಗೆಂದು ಸಿಂಧನೂರು, ಲಿಂಗಸುಗೂರು, ಮಸ್ಕಿಯ ವಯಸ್ಸಾದವರ ಮಾಹಿತಿ ಕೂಡಿಸುವ ಕೆಲಸ ಶುರುವಾದಾಗ ನಮಗೆಲ್ಲ ಅವರೇ ಗುರು. ಮೊದಲು ಮೂರೂ ಊರಿನವರದು ಮೂರು ದಾರಿ. ಸಿಂಧನೂರಿನ ನಾವು ಇವತ್ತು ಯಾವ ವಾರ ಎಂದು ಕೇಳಿದರೆ, ಮಸ್ಕಿಯವರು ತಾರೀಖು ಕೇಳುತ್ತಿದ್ದರು. ಲಿಂಗಸುಗೂರಿನವರು ಏನೂ ಕೇಳದೆ 'ಸ್ವಲ್ಪ ಮರೆವು' ಎಂದು ಬರೆದು ಕೈತೊಳೆದುಕೊಳ್ಳುತ್ತಿದ್ದರು. ಮೂರನ್ನೂ ಒಟ್ಟಿಗೆ ಇಟ್ಟರೆ ಒಂದಕ್ಕೊಂದು ತಾಳೆಯೇ ಆಗುತ್ತಿರಲಿಲ್ಲ. ಒಂದೇ ಫಾರಂ, ಒಂದೇ ಮಾತು, ಹಿರಿಯರು ಅಂದದ್ದಷ್ಟೇ ಬರೆಯಬೇಕು ಎಂದು ನಮ್ಮನ್ನು ಪಳಗಿಸಿದವರು ಸಿಸ್ಟರ್. ನನಗೆ ಮೊದಮೊದಲು ಇದೆಲ್ಲ ಅತಿಯಾಯಿತು ಅನ್ನಿಸುತ್ತಿತ್ತು.

ನಮ್ಮ ಕಡೆ ಹಿರಿಯರು ಮಾತಿಗೆ ತಡವರಿಸಿದರೆ ನೋಡುತ್ತ ಕೂರುವುದಿಲ್ಲ. ಆ ಮಾತನ್ನು ನಾವೇ ಎತ್ತಿ ಅವರ ಬಾಯಿಗೆ ಕೊಡುತ್ತೇವೆ. ಕೊಡದಿದ್ದರೆ ಸೊಕ್ಕಿನವಳು ಅನ್ನಿಸಿಕೊಳ್ಳಬೇಕು. ಸಾಲಗುಂದದ ಒಬ್ಬ ಅಜ್ಜನ ಮನೆಯಲ್ಲಿ ನಾನು ಅದನ್ನೇ ಮಾಡಿದೆ. "ಇವತ್ತು ಸೋಮವಾರ ಅಲ್ಲೇನ್ರೀ, ಅಜ್ಜಾರ?" ಎಂದೆ. ಅಜ್ಜ ಗತ್ತಿನಿಂದ "ಹೌದವಾ, ಸೋಮವಾರ" ಎಂದ. ಪೂರ್ತಿ ಅಂಕ ಹಾಕಿದೆ. ಸೊಸೆ ಖುಷಿಯಾಗಿ ಚಹಾ ಕೊಟ್ಟಳು. ಹಿಂದೆ ಕೂತಿದ್ದ ಸಿಸ್ಟರ್ ಚಹಾ ಮುಗಿಸಿ, ಬಸ್ಸಿಗೆ ಕಾಯುವಾಗ ಆ ಫಾರಮಿನ ಮೇಲೆ ಅಡ್ಡಗೀಟು ಎಳೆದರು.

"ಮರ್ಯಾದಿ ಕೊಟ್ಟೀನಿ ಅಂತ ತಿಳಕೊಂಡೀ ಏನ ತಂಗಿ? ನೀ ಅಜ್ಜನ ಬ್ಯಾನಿ ಮುಚ್ಚಿಟ್ಟಿ. ನಾಳೆ ಕಾಲುವಿ ಕಡೆ ಹೋದ ಮನಷ್ಯಾ ದಾರಿ ತಪ್ಪಿದ್ರ, ಮನಿ ಮಂದಿ ನಿನ್ನ ಫಾರಂ ನಂಬಿ ಕುಂತಿರ್ತಾರ."

ನಾನು ಎರಡು ದಿನ ಮುಖ ಊದಿಸಿಕೊಂಡೇ ಇದ್ದೆ.

ಕೆಲವು ವರ್ಷ ಹೀಗೇ ನಡೆಯಿತು. ಒಂದು ಮಧ್ಯಾಹ್ನ ಮಸ್ಕಿಯಲ್ಲಿ ತರಬೇತಿ ಮುಗಿಸಿ ಲಿಂಗಸುಗೂರಿಗೆ ಹೋಗಬೇಕಾದ ಸಿಸ್ಟರ್, ನಾನು ಕೂತಿದ್ದ ಸಿಂಧನೂರು ಬಸ್ಸಿಗೆ ಹತ್ತಿದರು. ನಮ್ಮೂರಲ್ಲಿ ಏನೋ ಕೆಲಸವಿರಬೇಕು ಎಂದುಕೊಂಡೆ. ಅರ್ಧ ದಾರಿಯಲ್ಲಿ ಕಿಟಕಿಯಾಚೆಯ ಗದ್ದೆಗಳನ್ನು ನೋಡುತ್ತ "ಲಿಂಗಸುಗೂರು ಇನ್ನಾ ಬರಲಿಲ್ಲಲ್ಲ?" ಎಂದರು. ಇಬ್ಬರೂ ನಕ್ಕೆವು. ಅವರ ನಗು ಬೇಗ ನಿಂತಿತು. ಅವರ ತಾಯಿ ಹೆತ್ತ ಮಕ್ಕಳ ಗುರುತೇ ಸಿಗದೆ ತೀರಿಕೊಂಡವರು.

ಮುಂದಿನ ವಾರ ನನ್ನನ್ನು ಮನೆಗೆ ಕರೆಸಿದರು. ಮದುವೆಯಾಗದ ಸಿಸ್ಟರ್ ಮತ್ತು ಗಂಡ ತೀರಿಹೋದ ಅವರ ಅಕ್ಕ, ಇಬ್ಬರೇ ಅಲ್ಲಿದ್ದರು. ಅಕ್ಕನಿಗೆ ಸಕ್ಕರೆ ಕಾಯಿಲೆ. ದಿನಾ ಇನ್ಸುಲಿನ್ ಚುಚ್ಚುತ್ತಿದ್ದುದು ಸಿಸ್ಟರೇ.

"ನನಗೂ ಫಾರಂ ತುಂಬು" ಎಂದರು. "ನೆನಪಿಟ್ಟು ಹೇಳೋ ಐದು ಶಬ್ದ ಅದಾವಲ್ಲ, ನಾ ನಿಮಗ ಕಲಿಸಿದವು ಬ್ಯಾಡ, ನನಗ ಬಾಯಿಪಾಠ ಆಗ್ಯಾವ. ಆಫೀಸಿನ್ಯಾಗಿನ ಎರಡನೇ ಪಟ್ಟಿ ತೆಗಿ. ಅಕ್ಕಗ ಸೂಜಿ ಮಾಡೋ ಕೈ ಇದು, ತಂಗಿ. ತಲಿ ಸರಿ ಇಲ್ಲಂದ್ರ ಬ್ಯಾರೇದವರನ್ನ ಹಚ್ತೀನಿ. ಖರೇ ಬರಿ."

ಐದು ಶಬ್ದ ಹೇಳಿ, ಬೇರೆ ಪ್ರಶ್ನೆಗಳನ್ನು ಮುಗಿಸಿ, ಮತ್ತೆ ಅವೇ ಐದನ್ನು ಕೇಳಿದೆ. "ಒರಳು... ಹಗ್ಗ... ದೀಪ" ಎಂದು ನಿಂತರು. ಗೋಡೆ ನೋಡಿದರು, ತಮ್ಮ ಅಂಗೈ ನೋಡಿದರು. ಆ ಮುಖವನ್ನು ನನಗೆ ನೋಡಲಾಗಲಿಲ್ಲ. "ಹೊಲದಾಗ ಬೆಳೀತಾರಲ್ರೀ ಸಿಸ್ಟರ್" ಎಂದೆ. "ಹತ್ತಿ" ಎಂದರು. "ಹಾರತದಲ್ರೀ" ಎಂದೆ. "ಗಿಳಿ!"

ಐದಕ್ಕೆ ಐದು ಬರೆದೆ. ಅವರು ಫಾರಂ ತೆಗೆದುಕೊಂಡು ನೋಡಿ ನಿಟ್ಟುಸಿರು ಬಿಟ್ಟರು. "ಸಾಕಪ್ಪಾ. ಇನ್ನ ಮುಂದಿನ ಫಾರಂ ತನಕ, ಆರು ತಿಂಗಳು ಚಿಂತಿಲ್ಲ." ನಾನು ಸುಳಿವು ಕೊಟ್ಟದ್ದು ಅವರ ಗಮನಕ್ಕೇ ಬಂದಿರಲಿಲ್ಲ. ಸಾಲಗುಂದದಲ್ಲಿ ನನ್ನ ಫಾರಮಿಗೆ ಗೀಟು ಎಳೆದ ಹೆಂಗಸು ಇವರೇ ಏನು ಎಂದು ನಾನು ಆಗಲೇ ಹೆದರಬೇಕಿತ್ತು. ಹೆದರಲಿಲ್ಲ. ಒಳ್ಳೆಯದು ಮಾಡಿದೆ ಎಂದುಕೊಂಡು ಊರಿಗೆ ಬಂದೆ.

ಎರಡು ತಿಂಗಳು ತುಂಬಿರಲಿಲ್ಲ. ಬೆಳಿಗ್ಗೆ ಅಕ್ಕನಿಗೆ ಒಮ್ಮೆ ಸೂಜಿ ಮಾಡಿದ ಸಿಸ್ಟರ್ ಸ್ವಲ್ಪ ಹೊತ್ತಿಗೆ ಮತ್ತೆ ಮಾಡಿದರು. ಪಕ್ಕದ ಮನೆಯಾಕೆ ಗೋಡೆಯಾಚೆಯಿಂದ ಇಬ್ಬರ ಮಾತೂ ಕೇಳಿಸಿಕೊಂಡಿದ್ದಳು.

"ಆಗಳೇ ಮಾಡೀದಿಯಲ್ಲ ಬೇ."

"ಎಲ್ಲಿ ಮಾಡೀನಿ? ನಿನಗ ಮರವು ಬಂದದ. ನಂದು ಮೊನ್ನೆನ ಟೆಸ್ಟ್ ಆಗ್ಯದ, ಐದಕ್ಕ ಐದು. ತೋಳು ಚಾಚು."

ಅಕ್ಕ ತೋಳು ಚಾಚಿದ್ದಳು. ಮಧ್ಯಾಹ್ನದ ಹೊತ್ತಿಗೆ ಮೈಯೆಲ್ಲ ಬೆವರಿ ಎಚ್ಚರ ತಪ್ಪಿದವಳು ಆಸ್ಪತ್ರೆಯಲ್ಲಿ ಮೂರನೇ ದಿನ ತೀರಿಕೊಂಡಳು.

ನಾನೇ ಆಫೀಸಿಗೆ ಹೋಗಿ ನಿಜ ಹೇಳಿ ಆ ಫಾರಮನ್ನು ತೆಗೆಸಿದೆ. ಮದುವೆಯಾಗಿ ಬೇರೆ ಊರಿನಲ್ಲಿದ್ದ ಆ ಅಕ್ಕನ ಮಗಳಿಗೆ ಹೇಳಿದೆ. ಆಕೆ ಎದ್ದು ಒಳಗೆ ಹೋದಳು. ಸಿಸ್ಟರಿಗೂ ಹೇಳಿದೆ. ಬೇರೆ ಬೇರೆ ದಿನ, ಮೂರು ಸಲ ಹೇಳಿದೆ. ಮೂರು ಸಲವೂ "ಇರಲಿ ಬಿಡು ತಂಗಿ" ಎಂದರು. ಏನು ಇರಲಿ ಎಂಬುದು ಅವರಿಗೆ ಗೊತ್ತಿರಲಿಲ್ಲ. ಅಂಥ ಕ್ಷಮೆ ಇಟ್ಟುಕೊಂಡು ನಾನು ಏನು ಮಾಡಲಿ?

ಈಗ ಅವರು ಬಳಗಾನೂರಿನಲ್ಲಿ ಆ ಅಕ್ಕನ ಮಗಳ ಮನೆಯಲ್ಲೇ ಇದ್ದಾರೆ. ಹೋದ ತಿಂಗಳು ಫಾರಂ ತುಂಬಲು ಹೋಗಿದ್ದೆ. ಬೇರೆಯವರನ್ನು ಕಳಿಸುತ್ತೇವೆ ಎಂದು ಆಫೀಸಿನವರು ಹೇಳಿದ್ದರು. ನಾನೇ ಹೋಗುತ್ತೇನೆ ಎಂದು ಹಟ ಹಿಡಿದಿದ್ದೆ.

"ಮನೆಯಲ್ಲಿ ಯಾರ್ಯಾರು ಇದ್ದೀರಿ?" ಎಂದು ಫಾರಮಿನಲ್ಲಿ ಇದ್ದ ಹಾಗೇ ಓದಿದೆ.

"ನಾನು, ನಮ್ಮಕ್ಕ" ಎಂದರು ಸಿಸ್ಟರ್. "ಜಲ್ದಿ ಮುಗಸು ತಂಗಿ, ಅಕೀಗ ಸೂಜಿ ಮಾಡೋ ಹೊತ್ತಾತು."

ಬಾಗಿಲಲ್ಲಿ ನಿಂತಿದ್ದ ಅಕ್ಕನ ಮಗಳು ಏನೋ ಹೇಳಲು ಬಾಯಿ ತೆರೆದಳು. ನಾನು ಕೈಯೆತ್ತಿ ತಡೆದೆ. ಆಮೇಲೆ ಅವಳ ಕಣ್ಣೆದುರಿಗೇ, ಸಿಸ್ಟರ್ ಅಂದ ಹಾಗೇ ಇಬ್ಬರನ್ನೂ ಬರೆದುಕೊಂಡೆ.