ಕುರಿ ಮೇಯ್ದ ಭೂಪಟ

ಆ ದಿನಗಳಲ್ಲಿ ಜಗಳೂರಿನ ನಮ್ಮ ಶಾಲೆಗೆ ಇದ್ದದ್ದು ಒಂದೇ ಗೋಡೆ ಭೂಪಟ. ಅದರಲ್ಲೂ ಅರ್ಧ ಆಫ್ರಿಕಾವನ್ನು ಗೆದ್ದಲು ತಿಂದಿತ್ತು. ಹಾಗಾಗಿ ಏಳನೇ ಕ್ಲಾಸಿನಲ್ಲಿ ಪ್ರಪಂಚದ ಧರ್ಮಗಳ ಪಾಠ ಬಂದಾಗ ರಾಜಣ್ಣ ಮೇಷ್ಟ್ರು ಸುಣ್ಣದ ಪುಡಿಯಲ್ಲಿ ಅಂಗಳದ ತುಂಬ ಪ್ರಪಂಚವನ್ನೇ ಬರೆದರು.

"ಮನೇಲಿ ಯಾವ ಕಾಳೈತೋ ತರ್ರಿ. ಯಾವ ಧರ್ಮ ಎಲ್ಲಿ ಹುಟ್ತು, ಎಲ್ಲೆಲ್ಲಿಗೆ ಹೋತು, ಕಾಳಿನಾಗೆ ತೋರ್ಸಾನ."

ಸುಗ್ಗಿ ಆಗಷ್ಟೇ ಮುಗಿದಿತ್ತು. ಹಿಂದೂ ಧರ್ಮಕ್ಕೆ ಶೇಂಗಾ, ಬೌದ್ಧಕ್ಕೆ ರಾಗಿ, ಕ್ರೈಸ್ತಕ್ಕೆ ಮೆಕ್ಕೆಜೋಳ, ಇಸ್ಲಾಮಿಗೆ ಹುರುಳಿ, ಯಹೂದಿಗಳಿಗೆ ಒಂದು ಹಿಡಿ ಸಜ್ಜೆ. ಗಯೆಯಿಂದ ಹೊರಟ ರಾಗಿಯ ಗೆರೆ ಲಂಕೆಗೂ ಚೀನಾಕ್ಕೂ ಹೋಗಿ ಜಪಾನಿನಲ್ಲಿ ನಿಂತಿತು. ಸಜ್ಜೆ ಇಟ್ಟ ಜಾಗದಿಂದಲೇ ಮೆಕ್ಕೆಜೋಳವೂ ಹೊರಟು ಯುರೋಪು, ಅಮೆರಿಕಗಳನ್ನು ತುಂಬಿತು. ಬಿಸಿಲಿಗೆ ಇಡೀ ಅಂಗಳ ಕಣದಂತೆ ಘಮ್ಮೆನ್ನುತ್ತಿತ್ತು.

"ಶೇಂಗಾ ಯಾಕೋ ಕರಗ್ತಾ ಐತಲ್ಲ! ಬಾಯಿ ತೆಗೀರಿ ನೋಡಾನ," ಎಂದರು ಮೇಷ್ಟ್ರು. ಒಬ್ಬರೂ ತೆಗೆಯಲಿಲ್ಲ.

ನನ್ನ ಗೆಳತಿ ಶಬಾನಾಳಿಗೆ ಹುರುಳಿಯ ಕೆಲಸ. ಮೆಕ್ಕಾದಿಂದ ಹೊರಟವಳಿಂದ ಮೇಷ್ಟ್ರು ದೊಡ್ಡ ರಾಶಿ ಹಾಕಿಸಿದ್ದು ದೂರದ ಇಂಡೋನೇಷ್ಯಾದಲ್ಲಿ.

"ಸಮುದ್ರ ದಾಟಿ ಹೆಂಗೆ ಹೋತು ಸಾ?"

"ವ್ಯಾಪಾರಕ್ಕೆ ಹೋದೋರ ಜೊತೆ, ಹಡಗಿನಾಗೆ."

ಆ ದ್ವೀಪಗಳು ಸರಿಯಾಗಿವೆಯೋ ಇಲ್ಲವೋ ಎಂಬುದೇ ಅವಳ ಚಿಂತೆ. ನೆಲದಿಂದ ಏನೂ ತಿಳಿಯುತ್ತಿರಲಿಲ್ಲ. "ಅಡುಗೆ ಕೋಣೆ ಶೀಟಿನ ಮೇಲೆ ಹತ್ತೇ, ಕಾಣ್ತೈತೆ," ಎಂದವಳು ನಾನು. ಈ ಮಾತನ್ನು ಎಷ್ಟು ಸಲ ಮನಸ್ಸಿನಲ್ಲೇ ಹಿಂದಕ್ಕೆ ತೆಗೆದುಕೊಂಡಿದ್ದೇನೋ ಲೆಕ್ಕವಿಲ್ಲ.

ಅವಳು ಕಾಂಪೌಂಡ್ ಗೋಡೆಯಿಂದ ಶೀಟಿನ ಮೇಲೆ ಕಾಲಿಟ್ಟು, ನಡುವಿಗೆ ಬಂದು, ಹಣೆಗೆ ಕೈ ಅಡ್ಡ ಹಿಡಿದು ನೋಡಿದಳು. ಕಾಲಡಿಯ ಶೀಟು ಚಟ್ ಎಂದು ಒಡೆಯಿತು. ಕಂಕುಳವರೆಗೆ ಒಳಗಿಳಿದಳು. ಕೈಗಳು ಮಾತ್ರ ಶೀಟಿನ ಕೆಳಗಿನ ಕಬ್ಬಿಣದ ಪೈಪನ್ನು ಹಿಡಿದುಕೊಂಡಿದ್ದವು. ಅವಳ ಕಾಲಿನ ನೇರಕ್ಕೆ ಒಲೆಯ ಮೇಲೆ ಇನ್ನೂರು ಮಕ್ಕಳ ಸಾಂಬಾರು ಕೊತಕೊತ ಕುದಿಯುತ್ತಿತ್ತು.

ನಾನು ಕಿರುಚಿದೆ. ರಸ್ತೆಯಲ್ಲಿ ಕುರಿ ಹೊಡೆದುಕೊಂಡು ಹೋಗುತ್ತಿದ್ದ ಕರಿಯಪ್ಪಜ್ಜ ಕುರಿಗಳನ್ನು ಅಲ್ಲೇ ಬಿಟ್ಟು, ಗೇಟು ತಳ್ಳಿ ಓಡಿಬಂದ. ಒಳಗೆ ಅಡುಗೆಯ ಗೌರಕ್ಕ ಗೋಣಿಚೀಲದಿಂದ ಪಾತ್ರೆಯ ಕಿವಿ ಹಿಡಿದು ಎಳೆಯುತ್ತಿದ್ದಳು. ಅಜ್ಜ ತನ್ನ ಕೋಲನ್ನೇ ಪಾತ್ರೆಗೆ ಒತ್ತಿ ಪಕ್ಕಕ್ಕೆ ನೂಕಿದ. ಆಮೇಲೆ ಹೆಗಲ ಕಂಬಳಿ ಬಿಚ್ಚಿ, ಇಬ್ಬರೂ ಒಂದೊಂದು ಕಡೆ ಹಿಡಿದು ನಿಂತರು.

"ಕೈ ಬಿಡವ್ವ! ನಾನದೀನಿ, ಬಿಡು!" ಎಂದ ಅಜ್ಜ.

ಅವಳು ಬಿಟ್ಟಳು. ಬಾಗಿಲಲ್ಲಿ ನಿಂತಿದ್ದ ನಾನು ಕಣ್ಣು ಮುಚ್ಚಿಕೊಂಡೆ. ತೆರೆದಾಗ ಶಬಾನಾ ಕಂಬಳಿಯೊಳಗಿದ್ದಳು. ಮೊಣಕಾಲು ತರಚಿತ್ತು, ಅಷ್ಟೇ.

ಹೊರಗೆ ಬಂದರೆ ಅಜ್ಜನ ಹಿಂದೆಯೇ ಗೇಟು ದಾಟಿದ ಕುರಿಗಳು ಪ್ರಪಂಚದ ತುಂಬ ನಿಂತಿದ್ದವು. ಯುರೋಪು ಆಗಲೇ ಖಾಲಿ. ಒಂದು ಟಗರು ಜಪಾನಿನಲ್ಲಿ ರಾಗಿ ನೆಕ್ಕುತ್ತಿತ್ತು.

"ಅಯ್ಯಯ್ಯೋ, ನನ್ನ ಕುರಿ ನಿಮ್ಮ ಪಾಠನೆಲ್ಲಾ ತಿಂದ್ವಲ್ರೀ ಮೇಷ್ಟ್ರೇ!"

ಮೇಷ್ಟ್ರು ಅರಬ್ಬೀ ಸಮುದ್ರದಲ್ಲೇ ಕೂತುಬಿಟ್ಟರು. "ತಿನ್ಲಿ ಬಿಡಜ್ಜ. ಹುಡುಗಿ ಉಳಿದ್ಲಲ್ಲ."

ಆಗ ಶಬಾನಾ ಮೊಣಕಾಲು ಒರೆಸಿಕೊಳ್ಳುತ್ತ ಅಂದಳು: "ಸಾ, ಇಂಡೋನೇಷ್ಯಾ ಓರೆ ಆಗಿತ್ತು."

ಗೌರಕ್ಕ ಅಳುತ್ತಲೇ ನಕ್ಕಳು. ಆಮೇಲೆ ಎಲ್ಲರೂ ನಕ್ಕೆವು. ಅಂದಿನ ಸಾಂಬಾರಿನಲ್ಲಿ ಶೀಟಿನ ಚೂರು ಬಿದ್ದಿದ್ದರಿಂದ ಊಟಕ್ಕೆ ಬರೀ ಅನ್ನ, ಜೊತೆಗೆ ಕುರಿಗಳಿಂದ ಉಳಿದ ಶೇಂಗಾ. ಅಷ್ಟು ರುಚಿಯಾದ ಊಟ ಮತ್ತೆ ಸಿಕ್ಕಿಲ್ಲ.

ಓದು ಮುಗಿದು ವರ್ಷಗಳಾದರೂ, ಎಲ್ಲಾದರೂ ಚಟ್ ಎಂದರೆ ಈಗಲೂ ನನ್ನ ಕೈ ಗಾಳಿಯಲ್ಲಿ ಅವಳನ್ನು ಹಿಡಿಯಲು ಹೋಗುತ್ತದೆ. ಆ ಭೂಪಟವನ್ನು ಪೂರ್ತಿ ಕಂಡವಳು ಅವಳೊಬ್ಬಳೇ.

ಮೊನ್ನೆ ಶಾಲೆಗೆ ಹೋಗಿದ್ದೆ. ಅಡುಗೆ ಕೋಣೆಗೆ ತಾರಸಿ ಬಂದಿದೆ, ಅಂಗಳಕ್ಕೆ ಸಿಮೆಂಟು. ಮೇಲೆ ಹತ್ತಿ ನಿಂತು ಶಬಾನಾಳಿಗೆ ಫೋನ್ ಮಾಡಿದೆ.

"ಮೆಟ್ಟಿಲು ಮಾಡ್ಯಾರೆ ಕಣೇ, ಕೈಕಂಬಿನೂ ಐತೆ."

"ಒಳ್ಳೇದಾತು," ಎಂದಳು. ಆಮೇಲೆ ಕೇಳಿದಳು: "ಕೆಳಗೆ ನೋಡಾಕೆ ಏನೈತೆ?"