ವರದಾಳ ತೂಕ

ಇಲ್ಲಿ ಹೇಳಹೊರಟಿರುವುದು ನಾನು ಹೇಳುವ ಹಾಗೆಯೇ ನಡೆಯಿತೇ ಎಂದು ನೀವು ಕೇಳಿದರೆ, ಗೊತ್ತಿಲ್ಲ ಎನ್ನುವುದೇ ಪ್ರಾಮಾಣಿಕ ಉತ್ತರ. ಕೆಲವು ನಡೆದಿವೆ. ಕೆಲವನ್ನು ನಾನು ಆಮೇಲೆ ಸೇರಿಸಿಕೊಂಡಿರಬಹುದು. ಯಾವುದು ಯಾವುದು ಎಂದು ಬೇರ್ಪಡಿಸುವ ಶಕ್ತಿ ನನಗೆ ಉಳಿದಿಲ್ಲ.

ಇವತ್ತು ಬೆಳಿಗ್ಗೆ ಪಕ್ಕದ ಮನೆಯಲ್ಲಿ ಬೆಣ್ಣೆ ಕಾಯಿಸುತ್ತಿದ್ದರು. ತುಪ್ಪ ಹದಕ್ಕೆ ಬಂದಾಗ ಒಂದು ವೀಳ್ಯದೆಲೆ ಹಾಕುತ್ತಾರಲ್ಲ, ಅದು ಚುರ್ರೆಂದು ಮುದುಡುವಾಗ ಬರುವ ವಾಸನೆ ಕಿಟಕಿಯಿಂದ ಒಳಗೆ ಬಂತು. ಎಂಥವರಿಗೂ ಹಸಿವಾಗುವ ವಾಸನೆ. ನಾನು ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದೆ. ಕಡೂರಿನ ಈ ಬಾಡಿಗೆ ಮನೆಯಿಂದ ಅಜ್ಜಂಪುರದ ಅಕ್ಕನ ಅಡುಗೆಮನೆಗೆ ಹೋಗಲು ಬೀರೂರಿನಲ್ಲಿ ಬಸ್ಸು ಬದಲಾಯಿಸಬೇಕು. ವಾಸನೆಗೆ ಆ ತೊಂದರೆ ಇಲ್ಲ.

ಎಪ್ಪತ್ತರ ದಶಕದ ನಡುವಿನ ಮಾತು. ಮೈಸೂರಿನಲ್ಲಿ ತತ್ತ್ವಶಾಸ್ತ್ರದ ಎಂ.ಎ. ಮುಗಿಸಿ, ಕೆಲಸದ ಆರ್ಡರ್ ಬರುವ ತನಕ ಎಂದುಕೊಂಡು ಅಕ್ಕನ ಮನೆಗೆ ಬಂದಿದ್ದೆ. ಆರ್ಡರ್ ನಾನು ಎಣಿಸಿದ್ದಕ್ಕಿಂತ ಬಹಳ ನಿಧಾನವಾಗಿ ಬಂತು. ಆಗ ನಾನು ದೇವರನ್ನು, ಜಾತಕವನ್ನು, ಪಂಚವಾರ್ಷಿಕ ಯೋಜನೆಯನ್ನು, ಎಲ್ಲವನ್ನೂ ಅನುಮಾನಿಸುತ್ತಿದ್ದೆ, ನನ್ನ ಅಭಿಪ್ರಾಯಗಳನ್ನು ಬಿಟ್ಟು. ಒಂದು ಕಡೆ ಕೂತು ಅಭ್ಯಾಸವಿರಲಿಲ್ಲ. ಊಟದ ನಡುವೆ ಎಂಜಲು ಕೈಯಲ್ಲೇ ಎದ್ದುಹೋಗಿ ಯಾವುದೋ ಪುಸ್ತಕದ ಪುಟ ನೋಡಿ ಬರುತ್ತಿದ್ದೆ. ‘ಇವನಿಗೆ ಓದಿದ್ದು ತಲೇಲಿ ಜಾಗ ಸಾಲ್ದೆ ಕಾಲಿಗಿಳ್ದೈತೆ’ ಎಂದು ಭಾವ ನಗುತ್ತಿದ್ದರು. ಅವರದು ಕಡೂರಿನಲ್ಲಿ ಕೊಬ್ಬರಿ ಮಂಡಿ. ಬೆಳಿಗ್ಗೆ ಹೋದರೆ ದೀಪ ಹಚ್ಚುವ ಹೊತ್ತಿಗೆ ಬರುವವರು. ಮನೆಯ ಯಜಮಾನಿಕೆ ಅವರ ತಾಯಿ ಗಂಗಜ್ಜಿಯದು.

ವರದಾ ಅಕ್ಕನ ಮಗಳು. ಆಗ ಐದು ತುಂಬಿತ್ತು. ಅವಳು ನಡೆದದ್ದನ್ನು ನಾನು ನೋಡಿದ್ದೇ ಅಪರೂಪ. ನಡುಮನೆಯಿಂದ ಹಿತ್ತಿಲಿಗೆ ಗಂಗಜ್ಜಿಯ ಸೊಂಟದ ಮೇಲೆ, ಹಿತ್ತಿಲಿಂದ ಬೀದಿಗೆ ಅಕ್ಕನ ಸೊಂಟದ ಮೇಲೆ. ಇಳಿಸಿದರೆ ನಾಲ್ಕು ಹೆಜ್ಜೆ ಹಾಕಿ, ಉಸಿರು ಕಟ್ಟಿದವಳಂತೆ ಅಲ್ಲೇ ಕೂತುಬಿಡುತ್ತಿದ್ದಳು. ಮಂಡಿಗಳು ಒಳಕ್ಕೆ ತಿರುಗಿ ಒಂದಕ್ಕೊಂದು ತಾಕುತ್ತಿದ್ದವು. ತೊಡೆಸಂದಿ ಉಜ್ಜಿ ಉಜ್ಜಿ ಯಾವಾಗಲೂ ಕೆಂಪು; ಅಕ್ಕ ಎಣ್ಣೆ ಹಚ್ಚುವಾಗ ಮಗು ಹಲ್ಲು ಕಚ್ಚುತ್ತಿತ್ತು. ತನ್ನ ಕೈಯಿಂದ ಒಂದು ತುತ್ತು ತಿಂದವಳಲ್ಲ. ಬೇರೆ ಮನೆಗಳಲ್ಲಿ ಅಜ್ಜಿಯಂದಿರು ತಟ್ಟೆ ಹಿಡಿದು ಮಕ್ಕಳ ಹಿಂದೆ ಓಡುತ್ತಾರೆ. ಇಲ್ಲಿ ಓಡುವ ಪ್ರಮೇಯವೇ ಇರಲಿಲ್ಲ. ಮಗು ಕೂತಲ್ಲೇ ಬಾಯಿ ತೆರೆಯುತ್ತಿತ್ತು, ಗಂಗಜ್ಜಿ ತುಪ್ಪದನ್ನ ಇಡುತ್ತಿದ್ದಳು. ಅತ್ತರೆ ಒಂದು ಕೋಡುಬಳೆ, ನಕ್ಕರೆ ಒಂದು ಉಂಡೆ. ಮನೆಗೆ ಬಂದವರೆಲ್ಲ ಕೆನ್ನೆ ಹಿಂಡಿ, ಒಂದು ಪೊಟ್ಟಣ ಕೈಗಿಟ್ಟು ಹೋಗುತ್ತಿದ್ದರು.

ಹಾಗೆಂದು ಗಂಗಜ್ಜಿಯನ್ನು ರಾಕ್ಷಸಿ ಎಂದುಕೊಳ್ಳಬೇಡಿ. ವರದಾಳಿಗಿಂತ ಮುಂಚೆ ಅಕ್ಕನಿಗೆ ಎರಡು ಮಕ್ಕಳು ಹುಟ್ಟಿ, ತೊಟ್ಟಿಲಲ್ಲೇ ಹೋಗಿದ್ದವು. ಎರಡನ್ನೂ ಕೊನೆಯ ಸಲ ಎತ್ತಿಕೊಂಡವಳು ಗಂಗಜ್ಜಿ. ‘ಒಣಗಿದ ಹೀರೇಕಾಯಿ ಎತ್ಕೊಂಡಂಗಿತ್ತು ಕಣಪ್ಪ, ಕೈಗೆ ಏನೂ ಗೊತ್ತಾಗ್ಲಿಲ್ಲ’ ಎಂದು ಒಮ್ಮೆ ಅವರೆಕಾಯಿ ಬಿಡಿಸುತ್ತಾ ಹೇಳಿದ್ದಳು. ಹೇಳಿ ಮತ್ತೆ ಕಾಯಿ ಬಿಡಿಸಲು ಹಿಡಿದಳು. ಮೂರನೆಯದು ಎತ್ತಿಕೊಂಡರೆ ತೋಳು ನೋಯುವಂತಿರಬೇಕು ಎನ್ನುವುದು ಬಿಟ್ಟು ಅವಳಿಗೆ ಬೇರೆ ಆಸೆ ಇರಲಿಲ್ಲ.

ಶಾಲೆಗೆ ಸೇರಿಸುವ ವರ್ಷ ಹತ್ತಿರ ಬಂದಾಗ ಅಕ್ಕನಿಗೆ ದಿಗಿಲಾಯಿತು. ನಾನೂ ಅವಳೂ ವರದಾಳನ್ನು ತರೀಕೆರೆಯ ಒಬ್ಬ ಡಾಕ್ಟರ ಬಳಿ ಕರೆದುಕೊಂಡು ಹೋದೆವು. ಡಾಕ್ಟರೇ ಸ್ಥೂಲಕಾಯದವರು. ಮೇಜಿನ ಡ್ರಾಯರಿನಲ್ಲಿ ಹುರಿಗಡಲೆ ಇಟ್ಟುಕೊಂಡು ತಿನ್ನುತ್ತಲೇ ಮಗುವಿನ ಮಂಡಿ ಒತ್ತಿ ನೋಡಿದರು. ರಾಗಿ, ಸೊಪ್ಪು, ಮಜ್ಜಿಗೆ ಕೊಡಿ, ತುಪ್ಪ ಮತ್ತು ಕರಿದದ್ದು ನಿಲ್ಲಿಸಿ, ಅವಳೇ ತಿನ್ನಲಿ, ದಿನಾ ನಡೆಸಿ, ಎತ್ತಿಕೊಳ್ಳುವುದನ್ನು ಬಿಡಿ ಎಂದರು. ಔಷಧಿ ಬರೆಯಲಿಲ್ಲ. ಅಕ್ಕನಿಗೆ ಅದೇ ನಿರಾಸೆ. ಬಾಗಿಲ ತನಕ ಬಂದವರು ಮತ್ತೊಂದು ಮಾತು ಸೇರಿಸಿದರು: ‘ಈಗ ಕಾಲು ಇನ್ನೂ ಹಸೀದು. ತಿದ್ದಿದ್ರೆ ನೆಟ್ಟಗಾಗುತ್ತೆ. ಬಿಟ್ರೆ, ದೊಡ್ಡೋಳಾದ್ಮೇಲೆ ನನ್ನ ಹತ್ರ ಕರ್ಕೊಂಬಂದು ಉಪಯೋಗ ಇಲ್ಲ.’

ಬರುವಾಗ ಬಸ್ಸಿನ ಕಿಟಕಿಯಾಚೆ ಯಾವುದೋ ಊರಿನ ಮಕ್ಕಳು ಸೈಕಲ್ ಟೈರು ಉರುಳಿಸಿಕೊಂಡು ನಮ್ಮ ಜೊತೆಗೇ ಓಡಿಬಂದವು. ವರದಾ ತೊಡೆಯ ಮೇಲೆ ನಿದ್ದೆ ಹೋಗಿದ್ದಳು. ಅಕ್ಕ ಆ ಮಕ್ಕಳು ಹಿಂದೆ ಬೀಳುವ ತನಕ ನೋಡಿ, ನನ್ನ ಕಡೆ ತಿರುಗದೆಯೇ ಅಂದಳು: ‘ಇವಳು ಓಡೋದನ್ನ ಒಂದ್ಸಲ ನೋಡಿದ್ರೆ ಸಾಕು ಕಣೋ ನಂಗೆ.’

ಅಷ್ಟು ಸಾಕಾಯಿತು. ಬಿಡುವಿದ್ದ ಎಂ.ಎ. ಪದವೀಧರನಿಗೆ ಜಗತ್ತನ್ನು ತಿದ್ದಲು ಒಂದು ಮಗು ಸಿಕ್ಕಿತು.

ಮೊದಲ ದಿನಗಳನ್ನು ನೆನೆದರೆ ನಗು ಬರುತ್ತದೆ, ಈಗಲೂ. ನಾನು ಅವಳಿಗೆ ಕಾರಣ ವಿವರಿಸಿದೆ. ಹೃದಯ ಒಂದು ಪಂಪು, ಕಾಲುಗಳು ಸನ್ನೆಗೋಲು ಎಂದೆಲ್ಲ. ಅವಳು ಗಮನವಿಟ್ಟು ಕೇಳಿ, ಮುಗಿದ ಮೇಲೆ ಬಾಯಿ ತೆರೆದಳು. ತುತ್ತಿಗಾಗಿ. ಮುದ್ದೆ ಕಂಡರೆ ಉಗುಳಿದಳು. ಬೀದಿಯಲ್ಲಿ ಇಳಿಸಿದರೆ ಊರು ಕೇಳುವಂತೆ ಅತ್ತಳು. ಜನ ಬಾಗಿಲಿಗೆ ಬಂದು, ಏನಪ್ಪಾ, ಮಗು ಸಾಯಿಸ್ತೀಯೇನು ಎಂದರು. ನನ್ನ ತತ್ತ್ವಶಾಸ್ತ್ರದಲ್ಲಿ ಇದಕ್ಕೆ ಉತ್ತರ ಇರಲಿಲ್ಲ.

ಉತ್ತರ ಇದ್ದದ್ದು ರೈಲಿನಲ್ಲಿ. ಅಜ್ಜಂಪುರದ ಸ್ಟೇಷನ್ನಿಗೆ ಬೆಳಿಗ್ಗೆ ಒಂದು ಪ್ಯಾಸೆಂಜರ್ ಬರುತ್ತಿತ್ತು, ಹೊಗೆಯುಗುಳುವ ಇಂಜಿನ್ನಿನದು. ಅದರ ಕೂಗು ಕೇಳಿದೊಡನೆ ವರದಾ ಅಳು ನಿಲ್ಲಿಸುವುದನ್ನು ಗಮನಿಸಿದ್ದು ನಾನೋ ಅಕ್ಕನೋ ಮರೆತಿದ್ದೇನೆ. ಹತ್ತಿರದಿಂದ ನೋಡಬೇಕಾದರೆ ನಡೆಯಬೇಕು ಎಂದು ಷರತ್ತು ಹಾಕಿದೆವು. ಮೊದಲು ಎದುರುಮನೆಯ ಜಗಲಿ, ಆಮೇಲೆ ಬೀದಿಯ ತಿರುವು, ಆಮೇಲೆ ಬೇವಿನಮರ. ಮರದಾಚೆ ಕೂರುತ್ತಿದ್ದಳು, ರೈಲು ಅಷ್ಟರಲ್ಲಿ ಹೋಗಿಬಿಡುತ್ತಿತ್ತು. ಹೋದ ರೈಲಿಗೆ ಅವಳು ಬೈಯುತ್ತಿದ್ದಳು, ಥೇಟು ಗಂಗಜ್ಜಿ ಹಾಲಿನವನಿಗೆ ಬೈಯುವ ಧಾಟಿಯಲ್ಲಿ. ನಾಳೆ ಬೇಗ ಹೋಗಣ ಮಾವ ಎನ್ನುತ್ತಿದ್ದಳು. ಒಂದು ದಿನ ರೈಲು ಸಿಕ್ಕಿತು.

ತಟ್ಟೆಯ ಸಮಸ್ಯೆಯನ್ನೂ ರೈಲೇ ಬಿಡಿಸಿತು. ಮುದ್ದೆಯನ್ನು ಅವಳ ಕೈಗೇ ಕೊಟ್ಟೆವು. ಸಣ್ಣ ಸಣ್ಣ ಉಂಡೆ ಮಾಡಿ ಸಾಲಾಗಿ ಇಟ್ಟು, ಇದು ಇಂಜಿನ್ನು, ಇದು ಡಬ್ಬಿ, ಇದು ಗಾರ್ಡು ಎಂದು ಹೆಸರಿಟ್ಟಳು. ಸೊಪ್ಪಿನ ಸಾರಿನ ಹೊಳೆ ದಾಟಿಸಿ ಒಂದೊಂದನ್ನೇ ನುಂಗಿದಳು. ಗಾರ್ಡನ್ನು ಕೊನೆಗೆ. ಅಕ್ಕ ಒಲೆಯ ಮುಂದೆ ನಿಂತು, ಹೊಗೆ ಎಂದು ಕಣ್ಣೊರೆಸಿಕೊಂಡಳು.

ಈಗ ನಾನು ಅತಿ ಹೆಚ್ಚು ಅನುಮಾನಿಸುವ ನೆನಪಿಗೆ ಬರುತ್ತೇನೆ. ಪ್ಲಾಟ್‌ಫಾರಮ್ಮಿನ ಮೇಲೆ ಒಂದು ಮೇಕೆಮರಿ ಇತ್ತು. ರೈಲು ಕೂಗಿದ್ದಕ್ಕೆ ಬೆದರಿ ಅದು ನೆಗೆದು ಓಡಿತು. ವರದಾ ನನ್ನ ಕೈ ಕೊಡವಿ ಅದರ ಹಿಂದೆ ಓಡಿದಳು. ನಡೆದದ್ದಲ್ಲ, ಓಡಿದ್ದು. ಮಂಡಿ ತಾಕುತ್ತಿದ್ದರೂ, ಫ್ರಾಕು ಮೇಲೆ ಹಾರುತ್ತಿದ್ದರೂ, ಪ್ಲಾಟ್‌ಫಾರಮ್ಮಿನ ಕೊನೆಯ ತನಕ. ನಗುತ್ತಾ ಓಡಿದಳು ಎಂದು ಬರೆಯಬೇಕು ಅನಿಸುತ್ತದೆ, ಆದರೆ ನನಗೆ ಕಂಡದ್ದು ಬೆನ್ನು. ನೆನಪಿನಲ್ಲಿ ಆ ಫ್ರಾಕು ಒಮ್ಮೊಮ್ಮೆ ಹಳದಿ, ಒಮ್ಮೊಮ್ಮೆ ನೀಲಿ. ಮನೆಗೆ ಬಂದು ಹೇಳಿದಾಗ ಅಕ್ಕ ಕೈಯಲ್ಲಿದ್ದ ಪಾತ್ರೆ ಕೆಳಗಿಟ್ಟು, ನಾಳೆ ನಾನೂ ಬತ್ತೀನಿ ಎಂದಳು.

ಆ ನಾಳೆ ಬರಲಿಲ್ಲ. ಅದೇ ಮಧ್ಯಾಹ್ನ ಮಗುವಿಗೆ ಜ್ವರ ಬಂತು.

ಸಾಧಾರಣ ಜ್ವರ, ಆ ವಾರ ಬೀದಿಯ ಅರ್ಧ ಮಕ್ಕಳಿಗೆ ಬಂದದ್ದು. ಆದರೆ ವರದಾಳ ಕೆನ್ನೆ ಆಗಲೇ ಇಳಿದಿತ್ತು. ಮಗು ಯಾಕಮ್ಮ ಸೊರಗಿದೆ ಎಂದು ನೀರಿಗೆ ಬಂದ ಹೆಂಗಸರು ವಾರಗಳಿಂದ ಕೇಳುತ್ತಿದ್ದರು. ಗಂಗಜ್ಜಿ ಬಾಯಿ ಮುಚ್ಚಿಕೊಂಡು ಕೇಳಿಸಿಕೊಂಡಿದ್ದಳು. ಈಗ ಅವಳು ಮಾತಾಡಿದಳು. ಮಗು ಹುಟ್ಟಿದಾಗ ಅವಳು ಊರಾಚೆಯ ಆಂಜನೇಯನಿಗೆ ಹರಕೆ ಹೊತ್ತಿದ್ದಳಂತೆ: ಆರು ತುಂಬಿದ ಮೇಲೆ ಮಗುವನ್ನು ತಕ್ಕಡಿಯಲ್ಲಿ ಕೂರಿಸಿ ತೂಕದಷ್ಟು ಬೆಲ್ಲ ಒಪ್ಪಿಸುತ್ತೇನೆಂದು. ‘ಕೊಡೋ ಕಾಲಕ್ಕೆ ಮಗೂನ ಕರಗಿಸ್ಕೊಂಡು ಹೋಗಿ ನಿಲ್ಸಿದ್ರೆ, ಅದು ದೇವ್ರ ತೂಕದಲ್ಲಿ ಕದ್ದಂಗಲ್ವೇನಪ್ಪಾ? ಅವ್ನು ಸುಮ್ನಿರ್ತಾನಾ? ಎರಡು ತಗೊಂಡವ್ನು.’

ನಾನು ಗೆಲ್ಲುವ ವಾದವನ್ನೇ ಮಾಡಿದೆ. ನಾಲ್ಕು ಅಚ್ಚು ಬೆಲ್ಲ ಕಡಿಮೆಯಾದರೆ ಮಗುವಿನ ಮೇಲೆ ಸೇಡು ತೀರಿಸಿಕೊಳ್ಳುವವನು ದೇವರಲ್ಲ, ಮಂಡಿ ದಲ್ಲಾಳಿ ಎಂದೆ. ಭಾವ ಮುಖ ತಗ್ಗಿಸಿ ಹೊರಗೆ ಹೋದರು. ಡಾಕ್ಟರ ಮಾತನ್ನು ನೆನಪಿಸಿದೆ. ಜ್ವರಕ್ಕೂ ಮುದ್ದೆಗೂ ಸಂಬಂಧವಿಲ್ಲ ಎಂದು ಸಾಧಿಸಿದೆ. ನಾನು ಅಕ್ಕನ ಕಡೆ ನೋಡಿದೆ. ಅವಳು ಮಗುವಿನ ಹಣೆಯ ಮೇಲಿನ ಬಟ್ಟೆ ತಿರುವಿಹಾಕಿ, ಮೆಲ್ಲಗೆ ಅಂದಳು: ‘ವಾದದಲ್ಲಿ ನೀನೇ ಗೆಲ್ತೀಯ. ಆದ್ರೆ ನೀನು ಸೋತ ದಿವ್ಸ ಹೋಗೋದು ನನ್ ಮಗು ಕಣೋ. ನೀನಲ್ಲ.’

ಇದಕ್ಕೆ ಏನು ಹೇಳುತ್ತೀರಿ?

ಜ್ವರ ಬಿಟ್ಟಿತು. ರೈಲಿನ ನಡಿಗೆಯೂ ಬಿಟ್ಟಿತು. ಕೆಲವು ದಿನ ಬೆಳಿಗ್ಗೆ ಕೂಗು ಕೇಳಿದಾಗ ವರದಾ ಕಾಲು ಚಾಚಿ ಇಳಿಯಲು ನೋಡುತ್ತಿದ್ದಳು. ಗಂಗಜ್ಜಿ ಬಾಯಿಗೆ ಏನಾದರೂ ಇಡುತ್ತಿದ್ದಳು. ಆಮೇಲೆ ಕಾಲು ಚಾಚುವುದು ನಿಂತಿತು. ಅಷ್ಟು ಹೊತ್ತಿಗೆ ನನ್ನ ಆರ್ಡರ್ ಬಂದು ನಾನು ಕಡೂರಿಗೆ ಹೊರಟೆ.

ತೂಕದ ದಿನಕ್ಕೆ ಹೋಗಿದ್ದೆ. ಮಂಡಿಯ ದೊಡ್ಡ ತಕ್ಕಡಿಯನ್ನು ತೊಳೆದು, ಅರಿಸಿನ ಕುಂಕುಮ ಹಚ್ಚಿ, ಗುಡಿಯ ಮುಂದಿನ ತೊಲೆಗೆ ಕಟ್ಟಿದ್ದರು. ಒಂದು ತಟ್ಟೆಯಲ್ಲಿ ರೇಷ್ಮೆ ಲಂಗ ಉಟ್ಟ ವರದಾ ಸರಪಳಿ ಹಿಡಿದು ಕೂತಿದ್ದಳು. ಇನ್ನೊಂದರಲ್ಲಿ ಬೆಲ್ಲದ ಅಚ್ಚುಗಳನ್ನು ಇಡುತ್ತಾ ಹೋದರು. ತಟ್ಟೆ ಅಲುಗಲಿಲ್ಲ. ಇನ್ನಷ್ಟು ಇಟ್ಟರು. ಜನ ಮೆಚ್ಚಿಕೊಂಡು ನಕ್ಕರು. ‘ಗಾಡಿ ಹಿಂದಕ್ಕೆ ಹೊಡ್ಕೊಂಡೋಗಿ ಇನ್ನೊಂದು ಲೋಡು ತನ್ರಲೇ’ ಎಂದು ಯಾರೋ ಚೇಷ್ಟೆ ಮಾಡಿದರು. ಕೊನೆಗೆ ಮುಳ್ಳು ನಡುವೆ ನಿಂತಾಗ ಗಂಗಜ್ಜಿ ಎರಡೂ ಕೈ ಮೇಲೆತ್ತಿ ಅತ್ತಳು. ಅವಳಷ್ಟು ಸುಖಪಟ್ಟ ಮನುಷ್ಯರನ್ನು ನಾನು ಮತ್ತೆ ಕಂಡಿಲ್ಲ. ವರದಾ ನನ್ನನ್ನು ಹುಡುಕಿ ನೋಡಿದಳು, ನೋಡು ಮಾವ, ಎಷ್ಟೊಂದು ಎನ್ನುವ ಹಾಗೆ. ನಾನು ಕೈ ಬೀಸಿದೆ.

ಹೇಳಲು ಹೆಚ್ಚೇನೂ ಉಳಿದಿಲ್ಲ. ಎಂಬತ್ತರ ದಶಕದಲ್ಲಿ ಅವಳು ಬೆಳೆದಳು ಎನ್ನಬೇಕೋ, ಕೂತಳು ಎನ್ನಬೇಕೋ. ಶಾಲೆಯಲ್ಲಿ ಇಟ್ಟ ಹೆಸರುಗಳು ಸಹಿಸಲಾಗದೆ ಮಿಡ್ಲ್‌ಸ್ಕೂಲಿಗೇ ಓದು ನಿಂತಿತು. ಮಂಡಿಗಳು ಪೂರ್ತಿ ಒಳಕ್ಕೆ ಬಾಗಿದವು. ಆ ಡಾಕ್ಟರ ಬಳಿಗೇ ಮತ್ತೆ ಕರೆದುಕೊಂಡು ಹೋದರು. ಅವರು ಮೊದಲು ಹೇಳಿದ್ದನ್ನು ನೆನಪಿಸಲಿಲ್ಲ, ಒಳ್ಳೆಯ ಮನುಷ್ಯರು, ನೋವಿಗೆ ಮಾತ್ರೆ ಬರೆದುಕೊಟ್ಟರು. ಈಗ ಗೋಡೆ ಹಿಡಿದು ಕೋಣೆಯಿಂದ ನಡುಮನೆಗೆ ಬರುತ್ತಾಳೆ. ಒಮ್ಮೆ ಅವಳ ಪಕ್ಕ ಕೂತು, ರೈಲು ನೋಡಲು ನಡೆದು ಹೋಗುತ್ತಿದ್ದೆವಲ್ಲ, ಜ್ಞಾಪಕ ಇದೆಯೇ ಎಂದು ಕೇಳಿದೆ. ಮೇಕೆಮರಿಯ ವಿಷಯವನ್ನೂ ಹೇಳಿದೆ. ಅವಳು ಹುರುಳಿಕಾಯಿಯ ನಾರು ತೆಗೆಯುವುದನ್ನು ನಿಲ್ಲಿಸಿ, ನನ್ನನ್ನು ಸಮಾಧಾನ ಮಾಡುವವಳಂತೆ ನಕ್ಕಳು. ‘ಬಿಡು ಮಾವ. ನಾನ್ಯಾವತ್ತು ಓಡಿದ್ದೆ?’

ಅಕ್ಕ ನೋಡಲಿಲ್ಲ. ಮಗುವಿಗೆ ನೆನಪಿಲ್ಲ. ಉಳಿದವನು ನಾನೊಬ್ಬ, ಫ್ರಾಕಿನ ಬಣ್ಣವನ್ನೇ ನೆಟ್ಟಗೆ ಹೇಳಲಾರದ ಸಾಕ್ಷಿ. ಅವಳು ಓಡಿದ್ದಳು ಎಂದು ಯಾರಿಂದಲಾದರೂ ಹೇಳಿಸಬೇಕೆಂಬ ಹಟ ನನಗೆ ಬಹಳ ಕಾಲ ಇತ್ತು. ಇವತ್ತು ಬೆಳಿಗ್ಗೆ, ಆ ಕಾಫಿಯನ್ನು ಬಿಟ್ಟು ಎದ್ದಾಗ, ಆ ಹಟ ಸತ್ತುಹೋಗಿದೆ ಎಂದು ಗೊತ್ತಾಯಿತು. ಓಡಿದ್ದಳು ಎಂದು ಸಾಬೀತಾದರೆ ಅಕ್ಕನಿಗೆ ಏನು ಸಿಗುತ್ತದೆ? ಕಳೆದುಕೊಂಡದ್ದು ಎಷ್ಟು ಎಂಬ ಅಳತೆ, ಅಷ್ಟೆ. ಇನ್ನು ಕೇಳುವುದಿಲ್ಲ.

ಬೇರೆ ಒಂದು ನೆನಪನ್ನು ಮಾತ್ರ, ನಿಜವೇ ಎಂದು ಹೋದ ತಿಂಗಳು ಅಕ್ಕನನ್ನು ಕೇಳಿದ್ದೆ. ಅದು ಎಷ್ಟು ಅಚ್ಚುಕಟ್ಟಾಗಿ ಕ್ರೂರವಾಗಿತ್ತೆಂದರೆ, ನಾನೇ ಕಟ್ಟಿಕೊಂಡ ಕಥೆ ಎಂದು ನಂಬಿದ್ದೆ. ಅಕ್ಕ ಮುಖವೆತ್ತದೆ, ನಿಜ ಎಂದಳು. ಭಾವನನ್ನು ಕೇಳಿದರೆ ಅವರೂ ಹೌದೆಂದರು. ತೂಕ ಮುಗಿದ ಸಂಜೆ ಗುಡಿಯವರು ವಾಡಿಕೆಯಂತೆ ಆ ಬೆಲ್ಲವನ್ನು ಹರಾಜಿಗಿಟ್ಟರು. ದೇವರ ಪ್ರಸಾದ ಬೇರೆಯವರ ಪಾಲಾಗಬಾರದೆಂದು ಗಂಗಜ್ಜಿ ಅಷ್ಟನ್ನೂ ಮಗನಿಂದ ಕೊಳ್ಳಿಸಿ ಮನೆಗೆ ತರಿಸಿದಳು. ಮನೆಯಲ್ಲಿ ಇನ್ನಾರಿಗೂ ಒಂದು ಚೂರೂ ಕೊಡಲಿಲ್ಲ. ಮುಂದಿನ ಯುಗಾದಿಯ ಹೊತ್ತಿಗೆ ವರದಾ ಅದನ್ನೆಲ್ಲ ತಿಂದು ಮುಗಿಸಿದ್ದಳು.